ಟೀ ಹೊತ್ತಿನ ಕಳ್ಳ

ಅಂಗಡಿಯ ಹಿಂದಿನ ಕೋಣೆ,
ಹದಿನೇಳನೇ ತಾರೀಕು, ಗುರುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ, ಅಥವಾ ಬೆಟ್ಟದ ಆ ಹವಾಮಾನ ಠಾಣೆಯ ಮೆಟ್ಟಿಲು ಹತ್ತಿ ಇಳಿದು ಅದನ್ನು ಇನ್ನಷ್ಟು ಸಾಕುತ್ತಿದ್ದೀಯಾ? ಗಾಳಿಯ ವೇಗ ಅಳೆಯುವವಳಿಗೆ ಗಾಳಿಗೆ ಮೈಯೊಡ್ಡಬೇಡ ಎನ್ನುವುದು ಮೀನಿಗೆ ಈಜು ಹೇಳಿಕೊಟ್ಟಂತೆ, ಗೊತ್ತು. ಆದರೂ ಉಪಕರಣ ರಿಪೇರಿಗೆ ತಾರಸಿ ಹತ್ತುವಾಗ ಕಿವಿಗೆ ಬಟ್ಟೆ ಕಟ್ಟಿಕೋ. ಕಳೆದ ಸಲ ಕಿವಿ ಸೋರಿದ್ದನ್ನು ನಮಗೆ ಬರೆಯದೆ ಮುಚ್ಚಿಟ್ಟೆ. ನಿಮ್ಮ ಠಾಣೆಗೆ ಬರುವ ಸಾಮಾನು ಗಾಡಿಯ ಡ್ರೈವರಣ್ಣ ಅಪ್ಪನ ಹತ್ತಿರ ಕಟಿಂಗಿಗೆ ಕೂತಾಗ ಬಾಯಿಬಿಟ್ಟ. ಕ್ಷೌರದ ಕುರ್ಚಿಯ ಮೇಲೆ ಗುಟ್ಟು ಉಳಿಯುವುದಿಲ್ಲ ಎನ್ನುವುದು ಕ್ಷೌರಿಕನ ಹೆಂಡತಿಗೆ ನಾನು ಹೇಳಬೇಕಾಗಿಲ್ಲ. ನಾವು ಚೆನ್ನಾಗಿದ್ದೇವೆ. ಅಪ್ಪನ ಕೈ ನಡುಗುವುದಿಲ್ಲ, ನಾಲಿಗೆ ನಿಲ್ಲುವುದಿಲ್ಲ, ಎರಡೂ ನೀನು ಬಿಟ್ಟುಹೋದ ಹಾಗೆಯೇ ಇವೆ. ನಿನ್ನ ಕೂದಲು ಈಗ ಎಷ್ಟುದ್ದ ಬೆಳೆದಿರಬಹುದು ಎಂದು ಆಗಾಗ ಕೇಳುತ್ತಾರೆ. ಮದುವೆಯಾದ ಮೇಲೆ ನಿನ್ನ ತಲೆಗೆ ಬೇರೊಬ್ಬರ ಕತ್ತರಿ ತಾಗಿಲ್ಲವಲ್ಲ. ನಿನ್ನ ಕೂದಲಿಗೆಂದೇ ಇಟ್ಟ ಆ ಉದ್ದ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಕನ್ನಡಿಯ ಮೇಲಿನ ಗೂಡಿನಲ್ಲಿಟ್ಟಿದ್ದಾರೆ. ಎಂಥ ಗಿರಾಕಿ ಬಂದರೂ ಕೆಳಗಿಳಿಸುವುದಿಲ್ಲ. "ಅದು ಮನೆಯವಳದ್ದು" ಎಂದಷ್ಟೇ ಹೇಳಿ ಬೇರೆ ಕತ್ತರಿ ಎತ್ತಿಕೊಳ್ಳುತ್ತಾರೆ.

ಈಗ ಮುಖ್ಯವಾದ ಮಾತು. ನಾವು ಬರೆಯುವುದನ್ನು ನಿಲ್ಲಿಸಿಲ್ಲ ಅಮ್ಮಾ. ಕಂಪ್ಯೂಟರಿನಲ್ಲಿ ನಮ್ಮ ಮನೆಪುಟ ತೆರೆದರೆ ನಿನಗೆ ಬಿಳಿಯ ಪರದೆ, ಅದರ ನಡುವೆ ಒಂದು ದೋಷದ ಸಾಲು ಕಾಣುತ್ತಿದೆ, ಅಲ್ಲವೇ? ಯಂತ್ರ ಕೆಟ್ಟಿಲ್ಲ, ಅಪ್ಪ ಮುನಿದಿಲ್ಲ. ಬಾಗಿಲು ಮುಚ್ಚಿದವಳು ನಾನು. ಅದೂ ಎಂಥ ಹೊತ್ತಿನಲ್ಲಿ! ಹಿಂದಿನ ಗಾಡಿಯಲ್ಲಿ ನಿನ್ನ ಪತ್ರ ಬಂದಿತ್ತು. ಇನ್ನೊಂದು ವರ್ಷ ಇರಿ, ಹೊಸದಾಗಿ ಬರುವ ಉಪಕರಣಗಳನ್ನೆಲ್ಲ ನಿಮ್ಮ ಕೈಗೇ ಕೊಡುತ್ತೇವೆ ಎಂದು ನಿಮ್ಮ ಆಫೀಸರು ಹೇಳಿದ್ದನ್ನು ಬರೆದಿದ್ದೆ. "ಉಳಿಯಲೇ, ಬರಲೇ? ನಿಮ್ಮಪ್ಪ ಪುಟದಲ್ಲಿ ಬರೆಯಲಿ, ಅದನ್ನು ನೋಡಿಕೊಂಡು ಮುಂದಿನ ಗಾಡಿಯಲ್ಲಿ ಉತ್ತರ ಕೊಡುತ್ತೇನೆ" ಎಂದು ಕೇಳಿದ್ದೆ. ಅಪ್ಪ ಅಂದೇ ಕೂತು, ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಉತ್ತರ ಹಾಕಿದರು. ಅದನ್ನು ನೀನು ಇವತ್ತಿನವರೆಗೂ ಓದಿಲ್ಲ. ಓದಲು ನಾನು ಬಿಟ್ಟಿಲ್ಲ. ನಮ್ಮ ಮೌನವನ್ನೇ ಉತ್ತರವೆಂದುಕೊಂಡು ನೀನು ಆಫೀಸಿಗೆ ಏನಾದರೂ ಬರೆದುಕೊಟ್ಟುಬಿಟ್ಟರೆ ಎನ್ನುವ ಭಯದಲ್ಲಿ ಈ ಕಾಗದ ಹಿಡಿದಿದ್ದೇನೆ. ನಿಮ್ಮ ಠಾಣೆಯ ಸಂಪರ್ಕದಲ್ಲಿ ಪುಟ ನೋಡಬಹುದು, ಖಾಸಗಿ ಪತ್ರ ಕಳಿಸಬಾರದು, ಫೋನು ಪ್ರಾಣಾಪಾಯಕ್ಕೆ ಮಾತ್ರ. ಆ ನಿಯಮದ ಮೇಲೆ ನನಗಿರುವ ಸಿಟ್ಟನ್ನು ಇಲ್ಲಿ ಬರೆದರೆ ಕಾಗದ ಸಾಲದು, ಗಾಡಿಯೂ ತಪ್ಪುತ್ತದೆ.

ಆದದ್ದು ಹೀಗೆ. ಈ ಹಿಂದಿನ ಕೋಣೆಯ ಯಂತ್ರ ನಿನಗೆ ಗೊತ್ತೇ ಇದೆ, ನೀನೇ ಕೂರಿಸಿದ್ದು. ನಮ್ಮ ಬೀದಿ ಸಂಘದ ದವಾಖಾನೆಯ ಪುಟ ಇದರಲ್ಲೇ ಇದೆ. ಬೀದಿಯ ಜನ ತಮ್ಮ ರಕ್ತಪರೀಕ್ಷೆಯ ಫಲಿತಾಂಶವನ್ನು ಮನೆಯಲ್ಲೇ ಕೂತು ನೋಡಿಕೊಳ್ಳುವುದು ಇದರಿಂದಲೇ. ಅದರ ಪಕ್ಕದಲ್ಲೇ, ಅದೇ ಬಾಗಿಲಿನ ಒಳಗೆ, ಅಪ್ಪ ನಿನಗೆ ದಿನಕ್ಕೆರಡು ಸಾಲು ಬರೆಯುವ ಮನೆಪುಟ. ಪುಟಗಳನ್ನು ಕೇಳಿದವರಿಗೆ ಎತ್ತಿಕೊಡುವ ವೆಬ್ ಸರ್ವರ್ ತಂತ್ರಾಂಶ ಮುದಿಯಾಗಿತ್ತು. ಅದನ್ನು ಮಾಡಿದವರೇ ಇನ್ನು ಈ ಆವೃತ್ತಿಯ ತೂತು ಮುಚ್ಚುವುದಿಲ್ಲ ಎಂದು ಕೈತೊಳೆದುಕೊಂಡಿದ್ದರು. ತೂತು ಗೊತ್ತಿದ್ದೂ ಬಡವರ ಕಾಯಿಲೆಯ ಕಾಗದಗಳನ್ನು ಅದರ ಹಿಂದೆ ಇಡುವುದು ಅನ್ಯಾಯ. ದೊಡ್ಡವರ ಗುಟ್ಟಿಗೆ ಕಾವಲುಗಾರರಿರುತ್ತಾರೆ. ನಮ್ಮ ಬೀದಿಯವರ ಗುಟ್ಟಿಗೆ ಇರುವುದು ನಾನೊಬ್ಬಳೇ. ನಗಬೇಡ. ಕಂಪ್ಯೂಟರ್ ಕಾವಲಿನ ಬಗೆಗಿನ ನನ್ನ ಹಳದಿ ರಟ್ಟಿನ ಕಿರುಹೊತ್ತಗೆಯಲ್ಲಿ "ಬೀಗ ಎನ್ನುವುದು ಉಳ್ಳವರ ಸೊತ್ತಲ್ಲ" ಎಂದು ದಪ್ಪಕ್ಷರದಲ್ಲಿದೆ. ಅದನ್ನು ಯಂತ್ರದ ಮೇಲಿನ ಗೋಡೆಗೆ ಬರೆದು ಅಂಟಿಸಿದ್ದೇನೆ. ನನ್ನನ್ನು ಚಳವಳಿ ಎಂದೇ ಕರೆಯುವ ಅಪ್ಪ ಅದರ ಪಕ್ಕದಲ್ಲೇ "ಕೂದಲು ಗುಡಿಸಿ" ಎಂದು ಬರೆದು ಅಂಟಿಸಿದ್ದಾರೆ.

ಕೂದಲನ್ನೂ ಗುಡಿಸಿದೆ ಅಮ್ಮಾ. ಅಂಗಡಿಗೆ ರಜೆ, ದವಾಖಾನೆಗೂ ರಜೆ ಇದ್ದ ಬೆಳಿಗ್ಗೆ ನೋಡಿ ಕೆಲಸಕ್ಕೆ ಕೈಹಾಕಿದೆ. ಮೊದಲು ಯಂತ್ರದ ಹೊಟ್ಟೆ ಬಿಚ್ಚಿ ಫ್ಯಾನಿಗೆ ಸುತ್ತಿಕೊಂಡಿದ್ದ ಕೂದಲನ್ನೆಲ್ಲ ಚಿಮಟದಿಂದ ಎಳೆದೆ. ಬೀದಿಯ ಗಂಡಸರ ತಲೆಯೆಲ್ಲ ಅಲ್ಲೇ ಇತ್ತು. ನೀನು ಕಲಿಸಿದಂತೆ ಎಲ್ಲವನ್ನೂ ನಕಲು ಮಾಡಿ ಬೇರೆ ಡಿಸ್ಕಿನಲ್ಲಿಟ್ಟೆ. ಆಮೇಲೆ ಲಿನಕ್ಸಿಗೆ ಹೊಸ ಆವೃತ್ತಿ ತರುವಂತೆ ಹೇಳಿದೆ. ತಂದಿತು, ಬಿಚ್ಚಿತು, ಜೋಡಿಸಿತು. ನಡುವೆ ನಿಂತು ಒಂದು ಪ್ರಶ್ನೆ ಕೇಳಿತು. ವ್ಯವಸ್ಥೆಯ ಕಡತವನ್ನು ಇಲ್ಲಿ ಯಾರೋ ತಿದ್ದಿದ್ದಾರೆ, ನಿಮ್ಮ ಹಳೆಯದನ್ನೇ ಇಟ್ಟುಕೊಳ್ಳುತ್ತೀರೋ, ನಮ್ಮ ಹೊಸದನ್ನು ಹಾಕಲೋ? ವ್ಯತ್ಯಾಸ ತೋರಿಸು ಎಂದೆ. ತೋರಿಸಿದ ಸಾಲುಗಳಲ್ಲಿ ಒಂದು ನಿನ್ನದು. ಪುಟವನ್ನು ದಾರಿಯಲ್ಲಿ ಬೇರೆಯವರು ಓದದಂತೆ ಕಾಯುವ ಬೀಗಗಳಲ್ಲಿ, ಬಹಳ ಹಿಂದೆಯೇ ಎಲ್ಲರೂ ಕೈಬಿಟ್ಟ ಹಳೆಯ ಮಾದರಿಯವನ್ನೂ ಒಪ್ಪಿಕೋ ಎನ್ನುವ ಸಾಲು. ಪಕ್ಕದಲ್ಲಿ ಕಾರಣ ಬರೆದಿರಲಿಲ್ಲ. ಪ್ರತಿ ಸಾಲಿನ ಪಕ್ಕ ಕಾರಣ ಬರೆ, ಇಲ್ಲದಿದ್ದರೆ ಮುಂದಿನವರು ನಿನ್ನನ್ನು ಬೈಯುತ್ತಾರೆ ಎಂದು ನನ್ನ ತಲೆ ತಿಂದವಳು ನೀನು! "ಗೊತ್ತಿಲ್ಲದ ಸ್ಕ್ರೂ ಬಿಚ್ಚಬೇಡ ಕಣೇ" ಎಂದೂ ಹೇಳುತ್ತಿದ್ದೆ. ಆ ಮಾತು ಕಿವಿಯಲ್ಲಿತ್ತು, ಆದರೆ ಹಳದಿ ಹೊತ್ತಗೆ ಕಣ್ಣ ಮುಂದಿತ್ತು. ಹಳೆಯದೆಲ್ಲ ಹೋಗಲಿ ಎಂದು ಹೊಸದನ್ನೇ ಒತ್ತಿದೆ. ಪರೀಕ್ಷೆ ಮಾಡಿದೆ, ತಪ್ಪಿಲ್ಲ ಎಂದಿತು. ಸರ್ವರ್ ಎದ್ದು ಓಡಿತು. ದವಾಖಾನೆಯ ನರ್ಸಕ್ಕ ತನ್ನ ಫೋನಿನಲ್ಲಿ ತೆರೆದು, "ಅಯ್ಯೋ, ಏನು ಫಾಸ್ಟಾಗಿದೆಯೇ! ನಮ್ಮ ಡಾಕ್ಟ್ರಿಗೂ ಇಂಥದ್ದೇನಾದ್ರೂ ಹಾಕೋಕಾಗತ್ತಾ?" ಎಂದಳು. ನಾನು ನೆಲದ ಮೇಲೆ ಇರಲಿಲ್ಲ ಬಿಡು.

ಈಗ ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳಬೇಕು. ಅಂಗಡಿ ಮುಚ್ಚುವ ಮುಂಚೆ ಅಪ್ಪ ದಿನಾ ಈ ಕೋಣೆಯ ಬಾಗಿಲಲ್ಲಿ ನಿಂತು, ಟವೆಲ್ ಕೊಡವುತ್ತ, ಏನೂ ಅಲ್ಲವೆಂಬಂತೆ, "ಬಂದಿದ್ಳಾ?" ಎಂದು ಕೇಳುತ್ತಾರೆ. ನಾನು ಸರ್ವರಿನ ದಾಖಲೆ ನೋಡಿ, "ಬಂದಿದ್ಲಪ್ಪ, ಟೀ ಹೊತ್ತಿಗೆ" ಎನ್ನುತ್ತೇನೆ. ನೀನು ಮಧ್ಯಾಹ್ನದ ಅಳತೆ ಮುಗಿಸಿ ಪುಟ ತೆರೆದ ಒಂದು ಸಾಲು ಅಲ್ಲಿರುತ್ತದೆ. ಅಷ್ಟು ಕೇಳಿದ ಮೇಲೆ ಅಪ್ಪ ಶಟರ್ ಎಳೆಯುತ್ತಾರೆ. ಬಂದವರು ಹೋದವರ ಲೆಕ್ಕ ಇಡುವುದು ನನ್ನ ಸಿದ್ಧಾಂತಕ್ಕೆ ವಿರುದ್ಧ. ದವಾಖಾನೆಗೆ ಬಂದವರ ಸಾಲುಗಳನ್ನೆಲ್ಲ ವಾರ ವಾರ ಅಳಿಸುತ್ತೇನೆ. ನಿನ್ನ ಸಾಲುಗಳನ್ನು ಮಾತ್ರ ಅಳಿಸಿಲ್ಲ. ಇದು ಪಕ್ಷಪಾತ, ಒಪ್ಪಿದೆ.

ಹೊಸ ಸರ್ವರ್ ಬಂದ ಮರುದಿನ ಅಪ್ಪ ಉತ್ತರ ಹಾಕಿ, ಸಂಜೆ ಟವೆಲ್ ಕೊಡವುತ್ತ ಕೇಳಿದರು. ನೀನು ಬಂದಿರಲಿಲ್ಲ. ಬೆಟ್ಟದಲ್ಲಿ ಮೋಡ ಕವಿದು ಸಂಪರ್ಕ ಹೋಗಿರಬೇಕು ಎಂದೆ. ಆದರೆ ದೋಷಗಳ ದಾಖಲೆಯಲ್ಲಿ ನನಗೆ ಬೇರೊಬ್ಬರು ಸಿಕ್ಕಿದ್ದರು. ಯಾರೋ ಹಳೆಯ, ಮುರುಕು ಬೀಗದ ಭಾಷೆಯಲ್ಲಿ ಬಾಗಿಲು ಬಡಿದಿದ್ದರು. ಒಂದು ಸಲವಲ್ಲ, ಮತ್ತೆ ಮತ್ತೆ. ಸರ್ವರ್ ಪ್ರತಿ ಸಲವೂ ನಿನ್ನ ಭಾಷೆ ನಮಗೆ ಬೇಡ ಎಂದು ಕಳಿಸಿತ್ತು. ಕಿರುಹೊತ್ತಗೆಯಲ್ಲಿ ಬರೆದಂತೆಯೇ ಕಳ್ಳ ಬಂದಿದ್ದಾನೆ! ಅವನ ಕಂಪ್ಯೂಟರಿನ ಅಂಕಿಯ ವಿಳಾಸವನ್ನು ತಡೆಗೋಡೆಗೆ ಸೇರಿಸಿದೆ. ಮರುದಿನ ಅವನೇ ಇನ್ನೊಂದು ಅಂಕಿಯಿಂದ ಬಂದ. ಆ ಅಂಕಿಗಳ ಇಡೀ ಸಾಲನ್ನೇ ಮುಚ್ಚಿದೆ. ಅಪ್ಪನ ಗಿರಾಕಿಗಳ ಮುಂದೆ ಕೊಚ್ಚಿಕೊಂಡೆ. ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ ಅವಸರದ ಮೇಷ್ಟ್ರು, "ಭೇಷ್! ಹಿಡಿದು ನಾಲ್ಕು ಬಿಡು!" ಎಂದು ನೊರೆ ಹಾರಿಸಿದರು. ಅಪ್ಪ ನಗಲಿಲ್ಲ. ಸಂಜೆ ಟವೆಲ್ ಹಿಡಿದು ಬಂದವರು ಕೇಳುವ ಮೊದಲೇ ನಾನು ತಲೆಯಾಡಿಸುತ್ತಿದ್ದೆ, ಇಲ್ಲ ಎಂದು.

ಅವರ ಮುಖ ನೋಡಲಾಗದೆ ಒಂದು ಸಂಜೆ, ಬನ್ನಿ, ನನ್ನ ಕಳ್ಳನನ್ನಾದರೂ ನೋಡಿ ಎಂದು ಪರದೆ ತೋರಿಸಿದೆ. ಅಪ್ಪನಿಗೆ ಆ ಸಾಲುಗಳು ಏನೂ ಅರ್ಥವಾಗುವುದಿಲ್ಲ, ಗಡಿಯಾರ ಮಾತ್ರ ಅರ್ಥವಾಗುತ್ತದೆ. ಬಗ್ಗಿ ನೋಡಿ, "ಏನೇ ಚಳವಳಿ, ಈ ಕಳ್ಳ ದಿನಾ ಟೀ ಹೊತ್ತಿಗೇ ಬರ್ತಾನಲ್ಲೇ. ಒಳ್ಳೇ ಮರ್ಯಾದಸ್ಥ ಕಳ್ಳ" ಎಂದರು. ಆ ಹೊತ್ತಿಗೆ ದಿನಾ ಬರುವವಳು ನೀನೊಬ್ಬಳೇ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಿಮ್ಮ ಠಾಣೆಗೆ ದಿನಕ್ಕೊಂದು ಅಂಕಿಯ ವಿಳಾಸ ಬರುತ್ತದೆ, ಹಾಗಾಗಿ ಅಂಕಿಯಿಂದ ನಿನ್ನನ್ನು ಎಂದೂ ಗುರುತು ಹಿಡಿದಿರಲಿಲ್ಲ. ಹಿಡಿಯುತ್ತಿದ್ದದ್ದು ನೀನು ಕೇಳುವ ಪುಟದಿಂದ, ನಿಮ್ಮ ಮುದಿ ಬ್ರೌಸರಿನ ಹೆಸರಿನಿಂದ. ಅವೆರಡನ್ನೂ ಬಂದವರು ಹೇಳುವುದು ಬೀಗ ತೆರೆದ ಮೇಲೆ. ನಿನ್ನ ಮುಖಕ್ಕೆ ಕದ ಬಿದ್ದದ್ದು ನೀನು "ನಾನು ಕಣೇ" ಎನ್ನುವ ಮೊದಲೇ. ಬೇಲಿಯೇ ಎದ್ದು ಹೊಲ ಮೇಯುವುದನ್ನು ಕೇಳಿದ್ದೆ. ಮನೆ ಕಾಯುವವಳು ಮನೆಯ ಯಜಮಾನಿಯನ್ನೇ ಅಟ್ಟಿದ್ದನ್ನು ಕೇಳಿರಲಿಲ್ಲ. ಎಷ್ಟು ಸಲ ಬಡಿದಿದ್ದೀಯ ಅಮ್ಮಾ! ಒಂದು ದಿನವಂತೂ ನಿನ್ನ ಟೀ ತಣ್ಣಗಾಗುವವರೆಗೂ ಬಡಿದಿರಬೇಕು.

ನಿನ್ನ ಆ ಸಾಲಿನ ಕಾರಣ ಆಗ ತಿಳಿಯಿತು. ಬೆಟ್ಟಕ್ಕೆ ಹೊರಡುವ ಮುಂಚೆ, ನಿಮ್ಮ ಇಲಾಖೆಯ ಆ ಓಬೀರಾಯನ ಕಾಲದ ಕಂಪ್ಯೂಟರಿಗೆ ಹಳೆಯ ಬೀಗವಷ್ಟೇ ಬರುತ್ತದೆ, ಅದನ್ನು ಯಾರೂ ಮುಟ್ಟಿ ಸರಿಮಾಡುವ ಹಾಗಿಲ್ಲ ಎಂದು ತಿಳಿದು, ನಿನಗಾಗಿ ಸಂದಿಯೊಂದನ್ನು ಬಿಟ್ಟುಕೊಂಡೆ. ಯಾರಲ್ಲೂ ಏನನ್ನೂ ಕೇಳದ ನೀನು ಕೇಳದೆಯೇ ಮಾಡಿಕೊಂಡದ್ದು ಅದೊಂದೇ. ಅದಕ್ಕೇ ಕಾರಣ ಬರೆಯಲು ನಾಚಿಕೆಯಾಯಿತೇನೋ. ಆದರೆ ತಪ್ಪನ್ನು ತಪ್ಪೆನ್ನದಿದ್ದರೆ ನಾನು ನಿನ್ನ ಮಗಳಲ್ಲ. ಅದು ತಪ್ಪು ಅಮ್ಮಾ. ಆ ಸಂದಿಯಲ್ಲಿ ನೀನೊಬ್ಬಳೇ ನುಸುಳುವುದಿಲ್ಲ.

ತಡೆಗೋಡೆಯನ್ನು ಆಗಲೇ ಕೆಡವಿದೆ. ಆದರೆ ಹಳೆಯ ಬೀಗವನ್ನು ಮತ್ತೆ ಒಪ್ಪಿಕೊಳ್ಳದೆ ನೀನು ಒಳಗೆ ಬರುವ ಹಾಗಿಲ್ಲ. ಒಂದು ಸಾಲು ಬರೆದರೆ ಮುಗಿಯಿತು. ನರ್ಸಕ್ಕ ಓಡಿಬಂದಳು. "ಬರೀ ಮಾರಾಯ್ತಿ! ನಮ್ಮ ಬೀದಿಯವ್ರ ಸಕ್ಕರೆ ಕಾಯಿಲೆ ಕದ್ದು ಯಾವನು ಉದ್ಧಾರ ಆಗ್ತಾನೆ?" ಸಂಘದವರೆಲ್ಲ ಅದನ್ನೇ ಹೇಳಿದರು. ನಿನ್ನ ಮೇಲೆ ಈ ಬೀದಿಗೆ ಎಂಥ ಪ್ರೀತಿ ಎಂದು ಅಂದು ನೋಡಿದೆ. ನಾನು ಮಾತ್ರ ಆಗುವುದಿಲ್ಲ ಎಂದೆ. ದವಾಖಾನೆಯ ಪುಟದಲ್ಲಿ ಒಬ್ಬಳ ಫಲಿತಾಂಶ ಇದೆ, ಯಾರೆಂದು ಹೇಳುವುದಿಲ್ಲ. ಅದು ಹೊರಬಿದ್ದರೆ ಅವಳು ಈ ಬೀದಿಯಲ್ಲಿ ತಲೆಯೆತ್ತಿ ನಡೆಯುವುದು ಕಷ್ಟ. ಅವಳ ಬಾಗಿಲನ್ನು ಸಡಿಲ ಮಾಡಿ ನನ್ನಮ್ಮನನ್ನು ಒಳಗೆ ಕರೆಯಲೇ? ಮನೆಯವರಿಗೊಂದು ನ್ಯಾಯ, ಬೀದಿಗೊಂದು ನ್ಯಾಯ ಎನ್ನುವುದಾದರೆ ಗೋಡೆಯ ಮೇಲಿನ ಕಾಗದವನ್ನು ಹರಿದುಹಾಕಬೇಕು, ಆಮೇಲೆ ಅಪ್ಪನ "ಕೂದಲು ಗುಡಿಸಿ" ಒಂದೇ ಉಳಿಯುತ್ತದೆ. ಹೀಗೆಲ್ಲ ಜೋರಾಗಿ ಹೇಳಿದೆ. ಹೇಳಿ ಒಳಗೆ ಬಂದು, ಯಂತ್ರದ ಬೆನ್ನಿಗೆ ಹಣೆ ಆನಿಸಿ ಅತ್ತೆ. ಫ್ಯಾನು ಮಾತ್ರ ಹೊಸದರ ಹಾಗೆ ತಿರುಗುತ್ತಿತ್ತು.

ಅಪ್ಪ ಬೈಯಲಿಲ್ಲ. ಮಾತು ಬಿಟ್ಟರು. ನನ್ನ ಜೊತೆ ಮಾತ್ರವಲ್ಲ, ಗಿರಾಕಿಗಳ ಜೊತೆಯೂ. ನಮ್ಮ ಅಂಗಡಿಯಲ್ಲಿ ಮಾತಿಲ್ಲದ ಕಟಿಂಗ್ ಎಂದರೆ ನೀನೇ ಯೋಚಿಸು. ಕತ್ತರಿಯ ಸದ್ದೊಂದೇ. ಅವಸರದ ಮೇಷ್ಟ್ರು ಅರ್ಧ ಗಡ್ಡದಲ್ಲೇ ತಿರುಗಿ, "ಏನಯ್ಯಾ, ಕ್ಷೌರ ಮಾಡ್ತಿದ್ದೀಯೋ ಆಪರೇಷನ್ನೋ? ಭಯ ಆಗ್ತಿದೆ ನಂಗೆ" ಎಂದರು. ಅಪ್ಪ ಅವರ ತಲೆಯನ್ನು ಕನ್ನಡಿಯ ಕಡೆಗೆ ತಿರುಗಿಸಿ ಉಳಿದರ್ಧ ಮುಗಿಸಿದರು.

ದಾರಿ ಹೊಳೆದದ್ದು ನಿನ್ನೆ. ಮನೆಪುಟವನ್ನು ದವಾಖಾನೆಯಿಂದ ಬೇರೆ ಮಾಡಿ, ಅದಕ್ಕೆ ಬೀಗವೇ ಇಲ್ಲದ ಬೇರೊಂದು ಬಾಗಿಲು ಇಟ್ಟೆ. ಬೀಗದ ಭಾಷೆಯೇ ಇಲ್ಲದ ಕಡೆ ನಿನ್ನ ಮುದಿ ಕಂಪ್ಯೂಟರು ತಡವರಿಸುವುದಿಲ್ಲ. ಆ ಬಾಗಿಲಿಗೆ ಹಳೆಯ ಬೀಗವನ್ನೇ ಹಾಕಬಹುದಿತ್ತಲ್ಲ ಎನ್ನುತ್ತೀಯ. ತುಕ್ಕು ಹಿಡಿದ ಬೀಗ ಹಾಕಿದೆ ಎಂದು ಸುಳ್ಳು ಹೇಳುತ್ತದೆ. ಇಲ್ಲದ ಬೀಗ ಸುಳ್ಳು ಹೇಳುವುದಿಲ್ಲ. ಆದರೆ ಅಪ್ಪನಿಗೆ ನಿಜ ಹೇಳಬೇಕಿತ್ತು. ನೀವು ಬರೆದದ್ದನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದು ಎಂದೆ. ನಾಲ್ಕು ದಿನದ ಮೇಲೆ ಬಾಯಿಬಿಟ್ಟರು. "ಅವಳ ಆಫೀಸರೂ?" ಆಫೀಸರೂ ಓದಬಹುದು ಎಂದೆ. "ಸಂತೆ ಮಧ್ಯೆ ನಿಂತು ಕೂಗಿದ ಹಾಗೆ ಅನ್ನು." ಹೂಂ, ಹಾಗೇ. ಚಕ್ಕಳದ ಪಟ್ಟಿಗೆ ಕತ್ತಿ ಮಸೆಯುತ್ತ ಬಹಳ ಹೊತ್ತು ನಿಂತರು. ಊರಿನ ವಿಷಯವನ್ನೆಲ್ಲ ಮಾತಾಡುವ ಅಪ್ಪ ನಿನ್ನ ವಿಷಯವನ್ನು ಯಾರ ಮುಂದೂ ಆಡಿದ್ದನ್ನು ನಾನು ಕೇಳಿಲ್ಲ. ಕೊನೆಗೆ ಕತ್ತಿ ಕೆಳಗಿಟ್ಟು, "ಹೋಗ್ಲಿ ಬಿಡು. ನನ್ನ ಹೆಂಡ್ತಿಗೆ ನಾನು ಬರೆಯೋದು. ಅದನ್ನೇನು ಕದ್ದು ಬರೀಬೇಕಾ?" ಎಂದರು.

ಅಷ್ಟಕ್ಕೇ ನಿಂತರೆ ಅವರು ಅಪ್ಪ ಹೇಗಾದಾರು? ಹೇಗೂ ಲೋಕವೇ ಓದುವುದಾದರೆ ನಮ್ಮವರೇ ಮೊದಲು ಕೇಳಲಿ ಎಂದು ಇವತ್ತು ಬೆಳಿಗ್ಗೆ ತುಂಬಿದ ಅಂಗಡಿಯಲ್ಲಿ ಕನ್ನಡಕ ಏರಿಸಿ, ನಿನಗೆ ಬರೆದ ಉತ್ತರವನ್ನು ಗಟ್ಟಿಯಾಗಿ ಓದಿದರು. ನಾನು ಎದ್ದು ಬೀದಿಗೆ ಹೋದೆ. ಸರ್ವರ್ ನಡೆಸುವವರು ಅಂಚೆಯವರಿದ್ದ ಹಾಗೆ. ಚೀಲ ಹೊರಬೇಕು, ಕಾಗದ ಒಡೆಯಬಾರದು. ನಿಮ್ಮಿಬ್ಬರ ಪುಟವನ್ನು ನಾನು ಎಂದೂ ಓದಿಲ್ಲ, ಇದನ್ನೂ ಓದುವುದಿಲ್ಲ. ಹಾಗಾಗಿ ಅಪ್ಪ ಏನು ಬರೆದಿದ್ದಾರೆ ಎನ್ನುವುದು ಈಗ ಇಡೀ ಬೀದಿಗೆ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ. ಅವಸರದ ಮೇಷ್ಟ್ರು ಹೊರಗೆ ಬಂದವರು, ಎಂದೂ ನಿಲ್ಲದವರು, ನನ್ನ ಮುಂದೆ ನಿಂತು ಮೂಗು ಒರೆಸಿಕೊಂಡು, "ನಿಮ್ಮಪ್ಪ ಇಷ್ಟು ದಿನ ಬರೀ ತಲೆ ಬೋಳಿಸ್ತಾನೆ ಅಂದ್ಕೊಂಡಿದ್ದೆ ಕಣಮ್ಮ" ಎಂದು ಹೇಳಿ ಹೋದರು. ನರ್ಸಕ್ಕ ನನ್ನ ಕೆನ್ನೆ ತಟ್ಟಿ ಹೋದಳು.

ಆ ಉತ್ತರವನ್ನು ಈ ಕಾಗದದ ಜೊತೆಗೇ ಬರೆದುಕೊಡಿ, ಸುಲಭವಲ್ಲವೇ ಎಂದು ಅಪ್ಪನಿಗೆ ಹೇಳಿನೋಡಿದೆ. ಒಪ್ಪಲಿಲ್ಲ. "ಕಾಗದ ಓದಿದ್ಳೋ ಇಲ್ವೋ ನಂಗೆ ಹೇಗೆ ಗೊತ್ತಾಗ್ಬೇಕು? ಪುಟದಲ್ಲಾದ್ರೆ ಬಂದದ್ದು ಕಾಣ್ಸತ್ತೆ" ಎಂದರು. ಆದ್ದರಿಂದ ನೀನು ಮಾಡಬೇಕಾದದ್ದು ಇಷ್ಟೇ. ವಿಳಾಸದ ಮೊದಲ ತುಂಡಿನ, ಅಂದರೆ https ಎನ್ನುವುದರ, ಕೊನೆಯಲ್ಲಿರುವ ಎಸ್ ಅಕ್ಷರ ಬಿಟ್ಟು ಟೈಪ್ ಮಾಡು, ಉಳಿದದ್ದು ಮೊದಲಿನಂತೆಯೇ. ಓದಿದ ಮೇಲೆ ನಿನಗೆ ತೋಚಿದ್ದನ್ನು ಆಫೀಸಿಗೆ ಬರೆ. ಅಪ್ಪ ಹೇಳಿದ್ದಕ್ಕಾಗಿ ಅಲ್ಲ, ನಿನಗೆ ಸರಿಯೆನಿಸಿದ್ದಕ್ಕಾಗಿ. ಹೆಂಗಸಿನ ದುಡಿಮೆ ಯಾರ ಅಪ್ಪಣೆಗೂ ಕಾಯಬಾರದು ಎಂದು ದವಾಖಾನೆಯ ಗೋಡೆಗೆ ಕಾಗದ ಅಂಟಿಸಿದವಳು ನಾನು. ಅದನ್ನು ನನ್ನಮ್ಮನಿಗೆ ಮಾತ್ರ ಅನ್ವಯಿಸುವುದಿಲ್ಲ ಎಂದು ಕೆಳಗೆ ಸಣ್ಣಕ್ಷರದಲ್ಲಿ ಸೇರಿಸಲಾರೆ. ಸೇರಿಸಬೇಕೆಂದು ಎಷ್ಟು ಸಲ ಅನಿಸಿತು ಎಂದು ಮಾತ್ರ ಕೇಳಬೇಡ.

ಹೊಟ್ಟೆ ತುಂಬ ಉಣ್ಣು, ಬೆಚ್ಚಗೆ ಮಲಗು. ನಿಮ್ಮ ಆಫೀಸರಿಗೆ ನನ್ನ ನಮಸ್ಕಾರ. ಆ ಕಂಪ್ಯೂಟರನ್ನು ವಸ್ತುಸಂಗ್ರಹಾಲಯಕ್ಕೆ ಕೊಡುವ ಬಗ್ಗೆ ಅವರಿಗೆ ಬೇರೆ ಅರ್ಜಿ ಬರೆಯುತ್ತೇನೆ ಎಂದೂ ಹೇಳು. ನಿನ್ನ ಮಂಡಿಗೆ, ಕಿವಿಗೆ, ಎಷ್ಟುದ್ದ ಬೆಳೆದಿದೆಯೋ ಆ ಕೂದಲಿಗೆ ನನ್ನ ಮುತ್ತುಗಳು.

ಬಾಗಿಲು ಮುಚ್ಚಿದವಳೂ ತೆರೆದವಳೂ ಆದ
ನಿನ್ನ ಚಳವಳಿ

ಮರೆತ ಮಾತು: ಡ್ರೈವರಣ್ಣ ಹಾರನ್ ಹೊಡೆಯುತ್ತಿದ್ದಾನೆ, ಅಕ್ಷರ ಸೊಟ್ಟಗಾದರೆ ಬೈಯಬೇಡ. ಲಕೋಟೆ ಅಂಟಿಸುವ ಹೊತ್ತಿಗೆ ಅಪ್ಪ ಬಂದು ಇದರ ಜೊತೆ ಕಳಿಸು ಎಂದು ಒಂದು ಪೊಟ್ಟಣ ಕೊಟ್ಟುಹೋದರು. ಬಟ್ಟೆಯ ಸುತ್ತು ನೋಡಿಯೇ ಗೊತ್ತಾಯಿತು, ಗೂಡಿನಲ್ಲಿದ್ದ ನಿನ್ನ ಕತ್ತರಿ. ಹೊಸದಾಗಿ ಸಾಣೆ ಹಿಡಿಸಿದ್ದಾರೆ. "ಅಲ್ಲಿ ಯಾರಾದ್ರೂ ನಿಧಾನದವ್ರ ಕೈಗೆ ಕೊಟ್ಟು ಕತ್ತರಿಸ್ಕೊಳ್ಳೋಕೆ ಹೇಳು, ತುದಿ ಮಾತ್ರ" ಎಂದರು. ಇನ್ನೊಂದು ವರ್ಷಕ್ಕೆ ನಿನ್ನ ತಲೆಯನ್ನು ಬೇರೆ ಕೈಗೆ ಒಪ್ಪಿಸಿದ ಹಾಗಾಯಿತು. ಹಾಗಾದರೆ ಪುಟದಲ್ಲಿ ಏನಿದೆ ಎಂದು ಓದದೆಯೇ ನನಗೆ ತಿಳಿಯಿತು ಅಮ್ಮಾ, ನಿನಗೂ ತಿಳಿಯಿತು. ಆದರೂ ಪುಟಕ್ಕೆ ಬಾ. ಉಳಿದರೂ ಬಾ, ಹೊರಟರೂ ಬಾ. ನಾಳೆ ಸಂಜೆ ಅಪ್ಪ ಟವೆಲ್ ಕೊಡವುತ್ತ ಬಾಗಿಲಲ್ಲಿ ನಿಲ್ಲುತ್ತಾರೆ. ಬಂದಿದ್ಲಪ್ಪ, ಟೀ ಹೊತ್ತಿಗೆ ಎಂದು ನಾನು ಹೇಳಬೇಕು.